ಬೀಗರೂಟದ ಮರುದಿನ

(ತೂಕ ಇಳಿಸುವ ದಾರಿಯಲ್ಲಿ ಎಡವಿದವರಿಗಾಗಿ ಹಾಸನದಲ್ಲಿ ಡಾಕ್ಟರೊಬ್ಬರು ಆಡಿದ ಮಾತುಗಳ ಬರಹ ರೂಪ)

ಇಲ್ಲಿ ಕೂತಿರುವ ಹೆಚ್ಚಿನವರಿಗೆ ತೂಕ ಇಳಿಸುವುದು ಹೇಗೆ ಅಂತ ನಾನು ಹೇಳಿಕೊಡಬೇಕಾಗಿಲ್ಲ. ನೀವು ಒಂದು ಸಲ ಇಳಿಸಿದವರೇ. ಮಹಾರಾಜ ಪಾರ್ಕಿನಲ್ಲಿ ಬೆಳಿಗ್ಗೆ ನಡೆದಿದ್ದೀರಿ, ಕಾಫಿಗೆ ಸಕ್ಕರೆ ಬಿಟ್ಟಿದ್ದೀರಿ, ರಾತ್ರಿ ಅನ್ನ ಕಡಿಮೆ ಮಾಡಿದ್ದೀರಿ. ಐದಾರು ಕೆಜಿ ಇಳಿದಿತ್ತು. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿರಲಿಲ್ಲ. ಆಮೇಲೆ ಎಲ್ಲೋ ಕೈತಪ್ಪಿತು. ಈಗ ಪಾರ್ಕಿನ ಗೇಟಿನ ಮುಂದೆ ಗಾಡಿಯಲ್ಲಿ ಹೋಗುವಾಗ ಮುಖ ಆ ಕಡೆ ತಿರುಗಿಸಿಕೊಳ್ಳುತ್ತೀರಿ, ಅಲ್ವಾ? ಇವತ್ತಿನ ಮಾತು ಅದರ ಬಗ್ಗೆ. ಬಿಟ್ಟುಹೋದದ್ದನ್ನು ಮತ್ತೆ ಹಿಡಿಯುವುದು ಹೇಗೆ?

ಮೊದಲು ನಮ್ಮ ಜಿಲ್ಲೆಯ ಒಂದು ವರ್ಷ ನೋಡಿ. ಯುಗಾದಿಗೆ ಹೋಳಿಗೆ, ಮರುದಿನ ಹೊಸತೊಡಕು. ಏಪ್ರಿಲ್, ಮೇ ಎರಡು ತಿಂಗಳೂ ಮದುವೆ, ಅದರ ಹಿಂದೆಯೇ ಬೀಗರೂಟ. ಜೂನ್ ಬಂದರೆ ಮಳೆ. ಸಕಲೇಶಪುರ, ಆಲೂರು ಕಡೆಯವರ ವಾಕಿಂಗ್ ಅಲ್ಲಿಗೆ ನಿಂತಿತು. ಆಮೇಲೆ ಗೌರಿ ಗಣೇಶ, ಪಕ್ಷ, ಆಯುಧ ಪೂಜೆ. ಹಾಸನಾಂಬೆಯ ಬಾಗಿಲು ತೆಗೆದರೆ ಹಾಸನದ ಮನೆಗಳ ತುಂಬ ನೆಂಟರು. ದೀಪಾವಳಿ ಮುಗಿಯಿತು ಅನ್ನುವಷ್ಟರಲ್ಲಿ ಅವರೆಕಾಯಿ ಕಾಲ. ತೋಟದವರಿಗೆ ಕಾಫಿ ಕೊಯ್ಲು, ಊಟಕ್ಕೆ ಹೊತ್ತು ಗೊತ್ತೇ ಇಲ್ಲ. ಇದರಲ್ಲಿ ಯಾವುದೂ ತಪ್ಪಲ್ಲ. ಇದು ನಮ್ಮ ಬದುಕು. ಆದರೆ ಒಂದು ದಿನವೂ ತಪ್ಪಬಾರದು ಅನ್ನುವ ಡಯಟ್ ಹಾಸನದಲ್ಲಿ ಎರಡು ತಿಂಗಳು ಬಾಳುವುದಿಲ್ಲ. ಆದ್ದರಿಂದ ನಾವು ಕಲಿಯಬೇಕಾದದ್ದು ವಾಪಸ್ ಬರುವುದನ್ನು. ಅದೂ ಬೇಗ, ಮುಂದಿನ ಊಟಕ್ಕೇ.

ಬೀಗರೂಟದ ಮರುದಿನ ಬೆಳಿಗ್ಗೆ ಏನಾಗುತ್ತದೆ ನೋಡೋಣ. ತೂಕದ ಮೆಷಿನ್ ಮೇಲೆ ನಿಲ್ಲುತ್ತೀರಿ. ನಿನ್ನೆಗಿಂತ ಒಂದೂವರೆ, ಎರಡು ಕೆಜಿ ಜಾಸ್ತಿ. ಎದೆ ಧಸಕ್ಕೆನ್ನುತ್ತದೆ. ಮೂರು ವಾರ ಕಷ್ಟಪಟ್ಟಿದ್ದು ಒಂದೇ ಊಟಕ್ಕೆ ಹೋಯಿತು ಅನ್ನಿಸುತ್ತದೆ. ದಯವಿಟ್ಟು ಈ ಲೆಕ್ಕ ಗಮನವಿಟ್ಟು ಕೇಳಿ. ಒಂದು ಕೆಜಿ ಕೊಬ್ಬು ಮೈಗೆ ಸೇರಬೇಕಾದರೆ ದೇಹಕ್ಕೆ ಬೇಕಾದದ್ದನ್ನು ಬಿಟ್ಟು ಮೇಲೆ ಸುಮಾರು 7,700 ಕ್ಯಾಲೊರಿ ತಿನ್ನಬೇಕು. ಎರಡು ಕೆಜಿಗೆ 15,400. ಒಬ್ಬ ಸಾಧಾರಣ ಮನುಷ್ಯನಿಗೆ ಇಡೀ ದಿನಕ್ಕೆ ಬೇಕಾಗುವುದು ಸುಮಾರು 2,000. ಮುದ್ದೆ, ಬೋಟಿ ಗೊಜ್ಜು, ಬಿರಿಯಾನಿ, ಐಸ್‌ಕ್ರೀಂ ಎಲ್ಲ ಸೇರಿಸಿದರೂ ಒಂದು ಊಟದಲ್ಲಿ ಆ ಲೆಕ್ಕ ಮುಟ್ಟುವುದು ಸಾಧ್ಯವೇ ಇಲ್ಲ.

ಹಾಗಾದರೆ ಮೆಷಿನ್ ತೋರಿಸಿದ್ದು ಏನು? ಹೆಚ್ಚಿನದು ನೀರು. ನಮ್ಮ ಸ್ನಾಯು ಮತ್ತು ಲಿವರ್‌ನಲ್ಲಿ ಸಕ್ಕರೆಯ ಅಂಶ ಗ್ಲೈಕೋಜನ್ ಅನ್ನುವ ರೂಪದಲ್ಲಿ ಇರುತ್ತದೆ. ಒಂದೊಂದು ಗ್ರಾಂ ಗ್ಲೈಕೋಜನ್ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರು ಹಿಡಿದಿಟ್ಟುಕೊಳ್ಳುತ್ತದೆ. ಡಯಟ್ ಮಾಡುವಾಗ ಈ ಸಂಗ್ರಹ ಕರಗಿರುತ್ತದೆ, ಒಂದು ದೊಡ್ಡ ಊಟಕ್ಕೆ ಮತ್ತೆ ತುಂಬುತ್ತದೆ. ಔತಣದ ಊಟದಲ್ಲಿ ಉಪ್ಪು ಜಾಸ್ತಿ, ಅದೂ ನೀರು ಹಿಡಿಯುತ್ತದೆ. ತಿಂದದ್ದು ಇನ್ನೂ ಹೊಟ್ಟೆಯಲ್ಲೇ ಇದೆ, ಅದಕ್ಕೂ ತೂಕ ಇದೆ. ಮಾಮೂಲಿ ಊಟಕ್ಕೆ ಬಂದರೆ ಮೂರು ನಾಲ್ಕು ದಿನದಲ್ಲಿ ಇದರಲ್ಲಿ ಹೆಚ್ಚಿನದು ತಾನಾಗಿ ಇಳಿಯುತ್ತದೆ. ಡಯಟ್ ಶುರು ಮಾಡಿದ ಮೊದಲ ವಾರ ಎರಡು ಕೆಜಿ ಸರ್ರಂತ ಇಳಿಯುತ್ತದಲ್ಲ, ಅದರಲ್ಲೂ ದೊಡ್ಡ ಪಾಲು ಇದೇ ನೀರು. ಹೋಗುವಾಗ ಖುಷಿಪಟ್ಟಿದ್ದೇವೆ, ಬರುವಾಗ ಗಾಬರಿ ಬೀಳುತ್ತೇವೆ.

ಅಮೆರಿಕದಲ್ಲಿ ಹಬ್ಬದ ಕಾಲದ ತೂಕದ ಬಗ್ಗೆ ಒಂದು ಅಧ್ಯಯನ ನಡೆಯಿತು, 2000ದಲ್ಲಿ ಪ್ರಕಟವಾಯಿತು. 195 ಜನರನ್ನು ನವೆಂಬರ್ ಕೊನೆಯಿಂದ ಹೊಸ ವರ್ಷದವರೆಗೆ ತೂಗಿದರು. ಸರಾಸರಿ ಏರಿದ್ದು 0.37 ಕೆಜಿ, ಅರ್ಧ ಕೆಜಿಯೂ ಇಲ್ಲ. ಅವರು ಸರಾಸರಿ ಅಂದುಕೊಂಡಿದ್ದು ಇದಕ್ಕಿಂತ ತುಂಬಾ ಜಾಸ್ತಿ. ಇಲ್ಲಿಗೆ ನಿಲ್ಲಿಸಿದರೆ ಸಮಾಧಾನದ ಸುದ್ದಿ. ಆದರೆ ಇನ್ನೊಂದು ಅರ್ಧ ಇದೆ. ಆ ಸ್ವಲ್ಪ ತೂಕ ಆಮೇಲಿನ ತಿಂಗಳುಗಳಲ್ಲಿ ಇಳಿಯಲಿಲ್ಲ. ಹಬ್ಬ ಮುಗಿಯಿತು, ತೂಕ ಹಾಗೇ ಉಳಿಯಿತು. ವರ್ಷ ವರ್ಷ ಅದು ಕೂಡುತ್ತಾ ಹೋದರೆ ಹತ್ತು ವರ್ಷದಲ್ಲಿ ಎಷ್ಟಾಯಿತು ಲೆಕ್ಕ ಹಾಕಿ. ಹಬ್ಬದ ಊಟ ಮಾಡುವ ನಷ್ಟ ಚಿಕ್ಕದು. ಹಬ್ಬದ ಮರುದಿನದಿಂದ ಏನು ಮಾಡಿದೆವು ಅನ್ನುವುದರಲ್ಲಿ ಎಲ್ಲ ಇದೆ.

ಆ ಮರುದಿನ ನಮ್ಮ ಮನಸ್ಸು ಹೇಗೆ ಕೆಲಸ ಮಾಡುತ್ತದೆ ಅಂತ ತೋರಿಸುವ ಹಳೆಯ ಪ್ರಯೋಗ ಒಂದಿದೆ. ಹರ್ಮನ್ ಮತ್ತು ಮ್ಯಾಕ್ ಅನ್ನುವ ಮನಶ್ಶಾಸ್ತ್ರಜ್ಞರು 1975ರಲ್ಲಿ ಪ್ರಕಟಿಸಿದ್ದು. ಕಾಲೇಜು ಹುಡುಗಿಯರಿಗೆ ಮಿಲ್ಕ್‌ಶೇಕ್ ಕುಡಿಸಿದರು. ಕೆಲವರಿಗೆ ಒಂದು, ಕೆಲವರಿಗೆ ಎರಡು, ಕೆಲವರಿಗೆ ಏನೂ ಇಲ್ಲ. ಆಮೇಲೆ ರುಚಿ ನೋಡಿ ಹೇಳಿ ಅಂತ ಐಸ್‌ಕ್ರೀಂ ಮುಂದಿಟ್ಟು, ಎಷ್ಟು ಬೇಕಾದರೂ ತಿನ್ನಿ ಅಂದರು. ಡಯಟ್ ಗೊಡವೆ ಇಲ್ಲದವರು ಮಿಲ್ಕ್‌ಶೇಕ್ ಕುಡಿದ ಮೇಲೆ ಐಸ್‌ಕ್ರೀಂ ಕಡಿಮೆ ತಿಂದರು. ಹೊಟ್ಟೆ ತುಂಬಿತ್ತು, ಸಹಜ. ಊಟದಲ್ಲಿ ಕಟ್ಟುನಿಟ್ಟು ಇಟ್ಟುಕೊಂಡಿದ್ದವರು ಇದಕ್ಕೆ ಉಲ್ಟಾ ಮಾಡಿದರು. ಮಿಲ್ಕ್‌ಶೇಕ್ ಕುಡಿದ ಮೇಲೆ ಅವರು ಐಸ್‌ಕ್ರೀಂ ಇನ್ನೂ ಜಾಸ್ತಿ ತಿಂದರು. ಹೇಗೂ ಇವತ್ತು ಕೆಟ್ಟಿತಲ್ಲ, ಇನ್ನೇನು! ಈ ಮಾತು ನಿಮ್ಮ ಮನಸ್ಸಿನಲ್ಲೂ ಬಂದಿದೆ. ಎಲ್ಲರ ಮನಸ್ಸಿನಲ್ಲೂ ಬರುತ್ತದೆ. ಬಂದಾಗ ಇದು ಗೊತ್ತಿರುವ ಹಳೇ ಮಾತು ಅಂತ ಗುರುತು ಹಿಡಿದರೆ ಅರ್ಧ ಕೆಲಸ ಆಯಿತು.

ಅರಸೀಕೆರೆ ಕಡೆಯ ಒಬ್ಬ ಟೀಚರ್ ಹೇಳಿದ್ದು ಕೇಳಿ. ಬುಧವಾರ ನಾಮಕರಣದ ಊಟದಲ್ಲಿ ನಾಲ್ಕು ಜಾಮೂನು ತಿಂದರು. ಸರಿ, ಸೋಮವಾರದಿಂದ ಮತ್ತೆ ಶುರು ಅಂತ ತೀರ್ಮಾನಿಸಿದರು. ಸೋಮವಾರ ಅಮಾವಾಸ್ಯೆ ಬಿತ್ತು. ಅವತ್ತು ಯಾಕೆ ಶುರು ಮಾಡುವುದು ಅಂತ ಮುಂದೆ ಹಾಕಿದರು. ಅಷ್ಟರಲ್ಲಿ ಆಷಾಢ ಹಿಡಿಯಿತು, ಹೊಸದೇನೂ ಬೇಡ ಅಂದರು ಅತ್ತೆ. ಶ್ರಾವಣದಲ್ಲಿ ಸಾಲು ಸಾಲು ಪೂಜೆ, ಪ್ರಸಾದ. ಕೊನೆಗೆ ನನ್ನ ಹತ್ತಿರ ಬಂದಾಗ ಮೂರು ಕೆಜಿ ಏರಿತ್ತು. "ಆ ಜಾಮೂನಿನಿಂದ ಎಲ್ಲ ಹಾಳಾಯ್ತು" ಅಂದರು. ನಾಲ್ಕು ಜಾಮೂನಿಗೆ ಮೂರು ಕೆಜಿ ಏರುವುದಿಲ್ಲ. ಬುಧವಾರ ರಾತ್ರಿಯ ಊಟವನ್ನೇ ಅವರು ಮಾಮೂಲಿಯಾಗಿ ಮಾಡಿದ್ದರೆ ಗುರುವಾರಕ್ಕೆ ಹೇಳಲು ಏನೂ ಇರುತ್ತಿರಲಿಲ್ಲ.

ಒಳ್ಳೆಯ ದಿನ ನೋಡಿ ಶುರು ಮಾಡಬೇಕು ಅನ್ನಿಸುವುದು ನಮ್ಮವರಿಗೆ ಮಾತ್ರ ಇರುವ ಅಭ್ಯಾಸ ಅಂತ ತಿಳಿಯಬೇಡಿ. ಅಮೆರಿಕದಲ್ಲಿ ಮೂವರು ಸಂಶೋಧಕರು 2014ರಲ್ಲಿ ಇದನ್ನೇ ತೋರಿಸಿದ್ದಾರೆ. ವಾರದ ಶುರು, ತಿಂಗಳ ಶುರು, ವರ್ಷದ ಶುರುವಿನಲ್ಲಿ ಜಿಮ್‌ಗೆ ಬರುವವರು ಜಾಸ್ತಿ ಆಗುತ್ತಾರೆ. ಹೊಸ ದಿನಕ್ಕೆ ಒಂದು ಹುರುಪು ಇದೆ, ನಿಜ. ನಾಳೆಯೇ ಯುಗಾದಿ ಇದ್ದರೆ ಆ ಹುರುಪನ್ನು ಬಳಸಿಕೊಳ್ಳಿ. ಯುಗಾದಿ ಇನ್ನೂ ಆರು ವಾರ ದೂರ ಇದ್ದರೆ? ನಿಮ್ಮಲ್ಲಿ ಶುಂಠಿ ಬೆಳೆಯುವವರು ಇದ್ದೀರಿ. ಮಳೆ ಹಿಡಿದು ಒಂದು ವಾರ ಕಳೆ ಕೀಳಲು ಆಗಲಿಲ್ಲ ಅಂತ ಯಾರಾದರೂ ಬೆಳೆಯನ್ನು ಮಗುಚಿ ಹಾಕಿ, ಮುಂದಿನ ವರ್ಷ ಹೊಸದಾಗಿ ನೆಟ್ಟರಾಯಿತು ಅನ್ನುತ್ತಾರಾ? ಮಳೆ ಬಿಟ್ಟ ದಿನ ಹೋಗಿ ಕೈಗೆ ಸಿಕ್ಕಿದ ಸಾಲಿನಿಂದ ಶುರು ಮಾಡುತ್ತೀರಿ.

ಇನ್ನೊಂದು ಮಾತು. "ನನಗೆ ಮನಸ್ಸು ಗಟ್ಟಿ ಇಲ್ಲ ಡಾಕ್ಟ್ರೇ" ಅಂತ ಹೇಳುವವರು ತುಂಬಾ ಜನ. ದೊಡ್ಡ ಸಂಸಾರ ನಡೆಸಿದವರು, ತೋಟ ಕಟ್ಟಿದವರು, ಮಕ್ಕಳನ್ನು ಓದಿಸಿದವರು ಈ ಮಾತು ಹೇಳುವಾಗ ನನಗೆ ನೋವಾಗುತ್ತದೆ. ತೂಕ ಇಳಿಸಿದ ಮೇಲೆ ದೇಹ ಸುಮ್ಮನೆ ಕೂರುವುದಿಲ್ಲ. ಕೊಬ್ಬಿನ ಕಣಗಳಿಂದ ಲೆಪ್ಟಿನ್ ಅನ್ನುವ ಹಾರ್ಮೋನು ಬರುತ್ತದೆ, 1994ರಲ್ಲಿ ಅಮೆರಿಕದ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಇದನ್ನು ಕಂಡುಹಿಡಿಯಿತು. ಕೊಬ್ಬು ಇಳಿದರೆ ಲೆಪ್ಟಿನ್ ಇಳಿಯುತ್ತದೆ. ಸಂಗ್ರಹ ಖಾಲಿ ಆಗುತ್ತಿದೆ ಅಂತ ಮೆದುಳಿಗೆ ಸುದ್ದಿ ಹೋಗುತ್ತದೆ. ಹಸಿವು ಜಾಸ್ತಿ ಆಗುತ್ತದೆ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 50 ಜನರಿಗೆ ಹತ್ತು ವಾರ ತುಂಬಾ ಕಡಿಮೆ ಕ್ಯಾಲೊರಿಯ ಆಹಾರ ಕೊಟ್ಟರು. ಸರಾಸರಿ 13.5 ಕೆಜಿ ಇಳಿದರು. ಒಂದು ವರ್ಷ ಆದಮೇಲೆ ರಕ್ತ ಪರೀಕ್ಷೆ ಮಾಡಿದರೆ ಹಸಿವಿನ ಹಾರ್ಮೋನುಗಳು ಇನ್ನೂ ಮೊದಲಿನ ಮಟ್ಟಕ್ಕೆ ಬಂದಿರಲಿಲ್ಲ. ಹಸಿವೂ ಮೊದಲಿಗಿಂತ ಜಾಸ್ತಿ ಇತ್ತು. ಇದು 2011ರಲ್ಲಿ ಪ್ರಕಟವಾದ ಅಧ್ಯಯನ. ನಿಮ್ಮ ಮೈ ನಿಮ್ಮನ್ನು ಉಳಿಸಲು ನೋಡುತ್ತಿದೆ. ಅದರ ಎದುರು ಬರೀ ಹಟ ಹಿಡಿದು ಗೆಲ್ಲಲು ಆಗುವುದಿಲ್ಲ, ಊಟವನ್ನೇ ಹೊಟ್ಟೆ ತುಂಬುವ ಹಾಗೆ ಜೋಡಿಸಿಕೊಳ್ಳಬೇಕು.

ಈಗ ವಾಪಸ್ ಬರುವ ಆ ಮೊದಲ ಊಟ. ಏನು ಮಾಡಬಾರದು ಅನ್ನುವುದನ್ನು ಮೊದಲು ಹೇಳುತ್ತೇನೆ. ತಿಂದ ತಪ್ಪಿಗೆ ದಂಡ ಕಟ್ಟುವ ಹಾಗೆ ಉಪವಾಸ ಕೂರಬೇಡಿ. ಬೆಳಿಗ್ಗೆಯಿಂದ ನಿಂಬೆ ನೀರು ಕುಡಿದುಕೊಂಡು ಇದ್ದವರು ಸಂಜೆ ಏಳು ಗಂಟೆಗೆ ಮಿಕ್ಸ್‌ಚರ್ ಡಬ್ಬಿ ಹಿಡಿದು ಕೂರುತ್ತಾರೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ ಮಾತ್ರೆ ತಗೊಳ್ಳುವವರಿಗೆ ಇದು ಅಪಾಯ ಕೂಡ. ಊಟ ಬಿಟ್ಟರೆ ರಕ್ತದಲ್ಲಿ ಸಕ್ಕರೆ ಅಂಶ ತೀರಾ ಕುಸಿದು ಕೈ ನಡುಗಿ, ಬೆವರಿ, ತಲೆ ಸುತ್ತಿ ಬೀಳಬಹುದು. ಅಂಥವರು ನಿಮ್ಮ ಡಾಕ್ಟರನ್ನು ಕೇಳದೆ ಒಂದು ಹೊತ್ತೂ ಬಿಡಬೇಡಿ.

ಮಾಡಬೇಕಾದದ್ದು ಮಾಮೂಲಿ ಊಟ. ಮುದ್ದೆಯಿಂದಲೇ ಶುರು ಮಾಡೋಣ, ಯಾಕೆಂದರೆ ಇದರಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಅನ್ನ ಬಿಟ್ಟು ಮುದ್ದೆ ತಿಂದರೆ ತೂಕ ತಾನಾಗಿ ಇಳಿಯುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 320 ಕ್ಯಾಲೊರಿ. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 350. ಅಂಥ ವ್ಯತ್ಯಾಸ ಏನಿಲ್ಲ. ರಾಗಿಯಲ್ಲಿ ನಾರು ಜಾಸ್ತಿ, ಕ್ಯಾಲ್ಸಿಯಂ ಅಂತೂ ನೂರು ಗ್ರಾಂಗೆ 300 ಮಿಲಿಗ್ರಾಂ ದಾಟುತ್ತದೆ, ಹೊಟ್ಟೆಯಲ್ಲಿ ನಿಲ್ಲುತ್ತದೆ. ಖಂಡಿತ ತಿನ್ನಿ. ಆದರೆ ನಮ್ಮ ಮನೆಗಳಲ್ಲಿ ಮುದ್ದೆ ಮುಗಿದ ಮೇಲೆ ಏನು ಬರುತ್ತದೆ? ಅನ್ನ. ಅನ್ನಕ್ಕೆ ಅದೇ ಸಾರು, ಆಮೇಲೆ ಇನ್ನೊಂದು ಸಲ ಮಜ್ಜಿಗೆಗೆ. ಹೊಲದಲ್ಲಿ ದಿನವಿಡೀ ದುಡಿಯುತ್ತಿದ್ದ ತಾತನ ಊಟ ಅದು. ಅಂಗಡಿಯಲ್ಲಿ, ಬ್ಯಾಂಕಿನಲ್ಲಿ ಕೂತು ದುಡಿಯುವ ಮೊಮ್ಮಗನ ತಟ್ಟೆಗೂ ಅಷ್ಟೇ ಬೀಳುತ್ತಿದೆ. ಮುದ್ದೆ ತಿಂದರೆ ಮುದ್ದೆ, ಅನ್ನ ತಿಂದರೆ ಅನ್ನ. ಎರಡರಲ್ಲಿ ಒಂದು. ಮುದ್ದೆಯೂ ಮೊದಲಿನದಕ್ಕಿಂತ ಚಿಕ್ಕದು. ವಾಪಸ್ ಬರುವ ವಾರಕ್ಕೆ ಇದೊಂದು ಸಾಕು.

ಬಸ್ಸಾರು ಮಾಡುವಾಗ ಗಮನಿಸಿ. ಸೊಪ್ಪು, ಕಾಳು ಬೇಯಿಸಿ ನೀರು ಬಸಿಯುತ್ತೇವೆ. ಆ ಕಟ್ಟಿನಲ್ಲಿ ಸಾರು, ಬಸಿದ ಸೊಪ್ಪು ಕಾಳಿನಲ್ಲಿ ಪಲ್ಯ. ಹೊಟ್ಟೆ ತುಂಬಿಸುವ ಪ್ರೋಟೀನು, ನಾರು ಎಲ್ಲ ಇರುವುದು ಪಲ್ಯದಲ್ಲಿ. ತಟ್ಟೆಯ ಮೂಲೆಗೆ ಒಂದೇ ಸೌಟು ಬೀಳುವುದೂ ಅದೇ ಪಲ್ಯ. ತಿರುಗಿಸಿ ಬಡಿಸಿಕೊಳ್ಳಿ. ಒಂದು ದೊಡ್ಡ ಬಟ್ಟಲು ಪಲ್ಯ, ಚಿಕ್ಕ ಮುದ್ದೆ, ಬೇಕಾದಷ್ಟು ಸಾರು. ಹುರುಳಿ, ಅಲಸಂದೆ, ಹೆಸರುಕಾಳು, ಅವರೆಕಾಳಿನ ಕಾಲದಲ್ಲಿ ಅವರೆ, ಯಾವುದಾದರೂ ಸರಿ. ಮಾಂಸ ತಿನ್ನುವವರು ಮೊಟ್ಟೆ, ಮೀನು, ಕೋಳಿ ಸಾರಿನ ತುಂಡು ತಿನ್ನಿ, ಮೇಲೆ ತೇಲುವ ಎಣ್ಣೆ ಬಿಡಿ. ಹಾಸನದ ಆಲೂಗಡ್ಡೆ ನಮ್ಮ ಹೆಮ್ಮೆ, ಅದನ್ನು ಬಿಡಿ ಅಂತ ನಾನು ಹೇಳುವುದಿಲ್ಲ. ಆದರೆ ತಟ್ಟೆಯಲ್ಲಿ ಅದನ್ನು ತರಕಾರಿ ಅಂತ ಲೆಕ್ಕ ಹಿಡಿಯಬೇಡಿ, ಅನ್ನದ ಲೆಕ್ಕಕ್ಕೆ ಸೇರಿಸಿ. ಆಲೂಗಡ್ಡೆ ಪಲ್ಯ ಇದ್ದ ದಿನ ಅನ್ನ ಕಡಿಮೆ.

ಕಾಫಿ ಬಗ್ಗೆ ಹೇಳದಿದ್ದರೆ ಈ ಜಿಲ್ಲೆಯಲ್ಲಿ ಮಾತು ಮುಗಿದಂತೆ ಆಗುವುದಿಲ್ಲ. ಕಾಫಿ ಕುಡಿಯಿರಿ. ಸಕ್ಕರೆ ಲೆಕ್ಕ ಹಾಕಿ. ಐದು ಲೋಟ, ಲೋಟಕ್ಕೆ ಎರಡು ಚಮಚ, ಚಮಚಕ್ಕೆ 5 ಗ್ರಾಂ. ದಿನಕ್ಕೆ 50 ಗ್ರಾಂ, ಅಂದರೆ 200 ಕ್ಯಾಲೊರಿ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು, ಇಡೀ ದಿನದ ಸಕ್ಕರೆ ಸುಮಾರು 25 ಗ್ರಾಂ ಒಳಗೆ ಇದ್ದರೆ ಒಳ್ಳೆಯದು ಅಂತ. ಬರೀ ಕಾಫಿಯಲ್ಲೇ ಅದರ ಎರಡರಷ್ಟು ಆಯಿತು. ಒಂದು ಗಂಟೆ ಚುರುಕಾಗಿ ನಡೆದರೆ ಖರ್ಚಾಗುವುದು ಸುಮಾರು 250 ಕ್ಯಾಲೊರಿ, ಅದರಲ್ಲಿ ಹೆಚ್ಚಿನದು ಈ ಸಕ್ಕರೆಗೇ ಸರಿಹೋಯಿತು. ಬೆಲ್ಲದ ಕಾಫಿ ಕುಡಿಯುವವರು ನಾವು ಪಾರು ಅಂದುಕೊಳ್ಳಬೇಡಿ, ಕ್ಯಾಲೊರಿ ಲೆಕ್ಕದಲ್ಲಿ ಬೆಲ್ಲ, ಸಕ್ಕರೆ ಹೆಚ್ಚು ಕಡಿಮೆ ಒಂದೇ. ಎರಡು ಚಮಚ ಇದ್ದದ್ದನ್ನು ಒಂದು ಮಾಡಿ, ಹದಿನೈದು ದಿನ ಬಿಟ್ಟು ಅರ್ಧ ಮಾಡಿ. ನಾಲಿಗೆ ಒಗ್ಗಿಕೊಳ್ಳುತ್ತದೆ. ಎಣ್ಣೆಗೂ ಒಂದು ಲೆಕ್ಕ ಇಟ್ಟುಕೊಳ್ಳಿ: ತಿಂಗಳಿಗೆ ಒಬ್ಬರಿಗೆ ಅರ್ಧ ಲೀಟರ್. ನಾಲ್ಕು ಜನರ ಮನೆಯಲ್ಲಿ ಎರಡು ಲೀಟರ್ ತಿಂಗಳ ಕೊನೆಯವರೆಗೆ ಬರಬೇಕು.

ನಡಿಗೆ. ಬಿಟ್ಟು ಎರಡು ತಿಂಗಳಾದವರು ಮೊದಲ ದಿನವೇ ಒಂದು ಗಂಟೆ ನಡೆದರೆ ಮಂಡಿ ನೋವು ಬಂದು ಮೂರನೇ ದಿನ ಮತ್ತೆ ನಿಲ್ಲುತ್ತದೆ. ಹತ್ತು ನಿಮಿಷ ಸಾಕು, ಆದರೆ ಇವತ್ತೇ. ಆಮೇಲೆ ವಾರಕ್ಕೆ 150 ನಿಮಿಷದ ಕಡೆಗೆ ನಿಧಾನವಾಗಿ ಹೋಗಿ. ಮಳೆಗಾಲದಲ್ಲಿ ಮನೆಯ ಪಡಸಾಲೆಯಲ್ಲೇ ನಡೆಯಿರಿ, ಮೆಟ್ಟಿಲು ಹತ್ತಿ ಇಳಿಯಿರಿ, ಕುರ್ಚಿಯಿಂದ ಎದ್ದು ಕೂರುವುದನ್ನು ಹತ್ತು ಹತ್ತು ಸಲ ಮಾಡಿ. ಲಂಡನ್ನಿನಲ್ಲಿ 96 ಜನರ ಮೇಲೆ ಅಭ್ಯಾಸ ಹೇಗೆ ಬೇರೂರುತ್ತದೆ ಅಂತ ನೋಡಿದರು. 21 ದಿನಕ್ಕೆ ಅಭ್ಯಾಸ ಆಗುತ್ತದೆ ಅಂತ ಕೇಳಿದ್ದೀರಲ್ಲ? ಅವರಿಗೆ ಕಂಡದ್ದು ಸರಾಸರಿ 66 ದಿನ. ಕೆಲವರಿಗೆ 18 ದಿನ, ಕೆಲವರಿಗೆ 254ರವರೆಗೆ. ನನಗೆ ಇದಕ್ಕಿಂತ ಮುಖ್ಯ ಅನ್ನಿಸಿದ್ದು ಬೇರೆ. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ.

ನಡೆದೂ ತೂಕ ಇಳಿಯಲಿಲ್ಲ ಅಂತ ಬೇಜಾರಾಗಿ ಬಿಟ್ಟವರೂ ಇಲ್ಲಿ ಇರಬಹುದು. ಅವರಿಗಾಗಿ ನಮ್ಮ ದೇಶದ್ದೇ ಒಂದು ಅಧ್ಯಯನ ಹೇಳುತ್ತೇನೆ. ಚೆನ್ನೈನ ಡಾ. ಎ. ರಾಮಚಂದ್ರನ್ ಅವರ ತಂಡ ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 531 ಜನರನ್ನು ಸುಮಾರು ಮೂರು ವರ್ಷ ಗಮನಿಸಿತು. ಊಟ, ನಡಿಗೆ ಬದಲಿಸಿಕೊಂಡವರಲ್ಲಿ ಕಾಯಿಲೆ ಬರುವ ಸಂಭವ 28.5 ಶೇಕಡ ಕಡಿಮೆ ಆಯಿತು. ಅವರ ತೂಕ ಅಷ್ಟೇನೂ ಬದಲಾಗಿರಲಿಲ್ಲ. 2006ರಲ್ಲಿ ಪ್ರಕಟವಾಗಿದೆ. ಮೆಷಿನ್ ತೋರಿಸದ ಲಾಭ ಒಳಗೆ ಆಗುತ್ತಿರುತ್ತದೆ.

ಹಾಗಂತ ಮೆಷಿನ್ ಬಿಸಾಡಬೇಡಿ. ಅಮೆರಿಕದಲ್ಲಿ 1994ರಿಂದ ಒಂದು ಪಟ್ಟಿ ಇಡುತ್ತಾ ಬಂದಿದ್ದಾರೆ. ಕನಿಷ್ಠ 13.6 ಕೆಜಿ ಇಳಿಸಿ ಒಂದು ವರ್ಷ ಉಳಿಸಿಕೊಂಡವರ ಪಟ್ಟಿ. ಅವರಲ್ಲಿ ಮುಕ್ಕಾಲು ಪಾಲು ಜನ ವಾರಕ್ಕೆ ಒಂದು ಸಲವಾದರೂ ತೂಕ ನೋಡಿಕೊಳ್ಳುತ್ತಾರೆ. ಅಡ್ಡದಾರಿ ಹಿಡಿದದ್ದು ಒಂದು ಕೆಜಿಗೇ ಗೊತ್ತಾದರೆ ವಾಪಸ್ ಬರುವುದು ಸುಲಭ. ಏಳು ಕೆಜಿಗೆ ಗೊತ್ತಾದರೆ ಕಷ್ಟ. ವಾರಕ್ಕೊಂದು ಸಲ, ಪ್ರತಿ ಸಲವೂ ಅದೇ ದಿನ, ಬೆಳಿಗ್ಗೆ ತಿಂಡಿಗೆ ಮೊದಲು ನೋಡಿ. ಬೀಗರೂಟದ ಮರುದಿನ ಮಾತ್ರ ಬೇಡ. ಒಂದು ಟೇಪು ಮನೆಯಲ್ಲಿ ಇರಲಿ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು, ನಮ್ಮ ದೇಶದವರಿಗೆ ವೈದ್ಯರು ಇಟ್ಟಿರುವ ಗಡಿ ಇದು.

ಮನೆಯವರಿಗೆ ಒಂದು ವಿನಂತಿ ಇದೆ. ನಮ್ಮೂರುಗಳಲ್ಲಿ ಎದುರಿಗೆ ಸಿಕ್ಕವರನ್ನು "ಏನು, ಮತ್ತೆ ದಪ್ಪ ಆಗ್ಬಿಟ್ರಿ?" ಅಂತಲೇ ಮಾತಾಡಿಸುತ್ತೇವೆ. ಕೇಳಿದವರಿಗೆ ಅದು ಚುಚ್ಚುತ್ತದೆ. ನಾಚಿಕೆಯಿಂದ ಪಾರ್ಕಿಗೆ ಬರುವುದನ್ನೇ ಬಿಟ್ಟ ಹೆಣ್ಣುಮಕ್ಕಳು ನನಗೆ ಗೊತ್ತು. ದಯವಿಟ್ಟು ಈ ಮಾತು ನಿಲ್ಲಿಸಿ. ಇನ್ನು ಬಡಿಸುವವರು. ಬೇಡ ಅಂದರೂ ಬಡಿಸುವುದು ನಮ್ಮ ಪ್ರೀತಿ ಅಂತ ಗೊತ್ತು. ಡಯಟ್ ಅಂತ ಹೇಳಿದರೆ ಒತ್ತಾಯ ಇನ್ನೂ ಜಾಸ್ತಿ ಆಗುತ್ತದೆ. "ಮೊದಲು ಇದು ಮುಗಿಸ್ತೀನಿ ಅತ್ತೆ, ಆಮೇಲೆ ಹಾಕಿಸ್ಕೊಳ್ತೀನಿ" ಅನ್ನಿ, ನಿಧಾನವಾಗಿ ತಿನ್ನಿ. ಪಂಕ್ತಿ ಮುಂದೆ ಹೋಗುತ್ತದೆ. ಹೋಳಿಗೆ ಒಂದು ತಿನ್ನಿ, ಪೂರ್ತಿ ಖುಷಿಯಿಂದ ತಿನ್ನಿ.

ಎಲ್ಲ ಸರಿ ಮಾಡಿದರೂ ತೂಕ ಏರುತ್ತಿದ್ದರೆ ನಿಮ್ಮನ್ನು ಬೈದುಕೊಳ್ಳುವ ಮೊದಲು ಪರೀಕ್ಷೆ ಮಾಡಿಸಿ. ಥೈರಾಯ್ಡ್ ಕಡಿಮೆ ಇರಬಹುದು. ಸ್ಟೀರಾಯ್ಡ್, ಇನ್ಸುಲಿನ್, ಕೆಲವು ಮನೋರೋಗದ ಮಾತ್ರೆಗಳು ತೂಕ ಏರಿಸುತ್ತವೆ. ಅವನ್ನು ನೀವಾಗಿಯೇ ನಿಲ್ಲಿಸಬೇಡಿ, ಮಾತ್ರೆ ಚೀಟಿ ಹಿಡಿದುಕೊಂಡು ಹೋಗಿ ಡಾಕ್ಟರನ್ನು ಕೇಳಿ. ಮನೆಯಲ್ಲಿ ಸಾವಾಗಿ, ನಿದ್ದೆ ಕೆಟ್ಟು, ಯಾವುದರಲ್ಲೂ ಮನಸ್ಸಿಲ್ಲದೆ ದಾರಿ ತಪ್ಪಿದವರೂ ಇರುತ್ತಾರೆ. ಅವರಿಗೆ ಮೊದಲು ಬೇಕಾದದ್ದು ಮನಸ್ಸಿನ ಚಿಕಿತ್ಸೆ. ತೂಕದ ವಿಷಯ ಆಮೇಲೆ ನೋಡಿದರಾಯಿತು.

ಈಚೆಗೆ ಬಂದಿರುವ ವಾರಕ್ಕೊಂದು ಚುಚ್ಚುಮದ್ದಿನ ಬಗ್ಗೆ ಚೀಟಿಯಲ್ಲಿ ಇಬ್ಬರು ಬರೆದು ಕೇಳಿದ್ದೀರಿ. ಸೆಮಾಗ್ಲುಟೈಡ್ ಅನ್ನುವ ಆ ಔಷಧಿ ಕೆಲಸ ಮಾಡುತ್ತದೆ. ದೊಡ್ಡ ಪರೀಕ್ಷೆಯೊಂದರಲ್ಲಿ 68 ವಾರಕ್ಕೆ ಸರಾಸರಿ 15 ಶೇಕಡದಷ್ಟು ತೂಕ ಇಳಿಯಿತು. ನಿಲ್ಲಿಸಿದವರನ್ನು ಒಂದು ವರ್ಷ ಬಿಟ್ಟು ನೋಡಿದರೆ, ಇಳಿದದ್ದರಲ್ಲಿ ಮೂರನೇ ಎರಡು ಭಾಗ ವಾಪಸ್ ಬಂದಿತ್ತು. ಮೊದಲು ಹೇಳಿದ ಹಸಿವು ಮತ್ತೆ ತಲೆ ಎತ್ತುತ್ತದೆ. ಯಾರಿಗೆ ಬೇಕು, ಯಾರಿಗೆ ಬೇಡ ಅನ್ನುವುದು ಡಾಕ್ಟರ್ ನೋಡಿ ಹೇಳಬೇಕಾದ ವಿಷಯ, ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಗೊಳ್ಳುವ ಔಷಧಿ ಅಲ್ಲ. ಈಗಾಗಲೇ ತಗೊಳ್ಳುತ್ತಿದ್ದು ಖರ್ಚಿನ ಕಾರಣಕ್ಕೆ ನಿಲ್ಲಿಸಬೇಕು ಅಂದುಕೊಂಡಿದ್ದರೆ ಮುಂಚೆಯೇ ಡಾಕ್ಟರಿಗೆ ಹೇಳಿ. ಹಸಿವು ಇನ್ನೂ ಹತೋಟಿಯಲ್ಲಿ ಇರುವಾಗಲೇ ಪಲ್ಯದ ಬಟ್ಟಲು, ಚಿಕ್ಕ ಮುದ್ದೆ, ಹತ್ತು ನಿಮಿಷದ ನಡಿಗೆ ಎಲ್ಲವನ್ನೂ ರೂಢಿ ಮಾಡಿಕೊಳ್ಳಿ. ಚುಚ್ಚುಮದ್ದು ನಿಂತ ಮೇಲೆ ಶುರು ಮಾಡುವುದು ತುಂಬಾ ಕಷ್ಟ.